ಹಿಗ್ಗದ, ಕುಗ್ಗದ ದರ್ಪಣ

ಹಲಸೂರಿನ ನಮ್ಮ ಮನೆಯಲ್ಲಿ ಮೊನ್ನೆ, ತಾಯಿಯವರ ಕಾಲದ ಪಿಂಗಾಣಿ ಭರಣಿಯೊಂದು ಕುದಿನೀರು ಸುರಿದೊಡನೆ ಸೀಳಿಹೋಯಿತು. ಒಳಮೈ ಕಾದು ಹಿಗ್ಗಿತು; ಹೊರಮೈ ತಣ್ಣಗೆ ಇದ್ದಂತೆಯೇ ಇದ್ದಿತು; ಈ ಸೆಳೆತವನ್ನು ಭರಣಿಯು ತಾಳದೆ ಹೋಯಿತು. ಕಾದರೂ ಹಿಗ್ಗದ ಪದಾರ್ಥವೇ ಇಲ್ಲವೆ ಎಂದು ಮನೆಯವರು ಮರುಗಿ ಕೇಳಿದರು. ಹೆಚ್ಚುಕಡಮೆ ಅಂತಹುದು ಉಂಟು.

ಹಲಸೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಹೊಸಕೋಟೆಯು ಸಿಕ್ಕುವುದು. ಅಲ್ಲಿಯ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕುಳಿತೇ ವಿದ್ವಾಂಸರು, ಲಡಾಖಿನ ಹಾನ್ಲೆಯಲ್ಲಿ ಸುಮಾರು ೪೫೦೦ ಮೀಟರು ಎತ್ತರದಲ್ಲಿರುವ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವರು. ಅದರ ೨ ಮೀಟರು ಅಗಲದ ದರ್ಪಣವು ಇಂತಹ ಪದಾರ್ಥದ್ದೇ.

ಸಿಲಿಕಾನ್, ಟೈಟಾನಿಯಂ ಸಂಯುಕ್ತಗಳ ಆವಿಯನ್ನು ಜ್ವಾಲೆಯಲ್ಲಿ ಉರಿಸಿ, ಉದುರುವ ನವುರಾದ ಧೂಳನ್ನು ಪದರಪದರವಾಗಿ ಕರಗಿಸಿ ಕೂಡಿಸುವರು. ನೂರಕ್ಕೆ ಸುಮಾರು ೭ ಪಾಲು ಟೈಟಾನಿಯಂ ಆಕ್ಸೈಡು, ಮಿಕ್ಕುದು ಸಿಲಿಕ. ಅಷ್ಟಗಲದ ಸಾಧಾರಣ ಗಾಜು ಒಂದು ಡಿಗ್ರಿ ಕಾದರೆ ಮಿಲಿಮೀಟರಿನ ಸಾವಿರದಲ್ಲಿ ಸುಮಾರು ೧೮ ಪಾಲು ಹಿಗ್ಗುವುದು. ಇದಾದರೋ ಅಂತಹ ಒಂದು ಪಾಲಿನ ಹತ್ತನೆಯ ಭಾಗದಷ್ಟೂ ಹಿಗ್ಗದು. ಆದುದರಿಂದಲೇ ಇರುಳು ಚಳಿಯೇರಿದರೂ ನಕ್ಷತ್ರದ ಬಿಂಬವು ಕದಡದು.

ಆ ಸ್ಥಿತಪ್ರಜ್ಞತೆ ನಮ್ಮ ಭರಣಿಗಳಿಗಿಲ್ಲ. ಗೃಹಿಣಿಯರು ಮೊದಲು ಉಗುರುಬೆಚ್ಚನೆಯ ನೀರನ್ನೂ ಆಮೇಲೆ ಬಿಸಿಯನ್ನೂ ಸುರಿಯುವುದು ಒಳ್ಳೆಯದು.