ನಡಿಗೆ ಕಲಿಸದ ವಾಕರ್

ಮಗುವಿಗೆ ಅನ್ನಪ್ರಾಶನ ಆಗುತ್ತಿದ್ದಂತೆ ಎಷ್ಟೋ ಮನೆಗಳಿಗೆ ವಾಕರ್ ಬರುತ್ತದೆ. ಬಣ್ಣದ ಟ್ರೇ, ಗುಂಡಿ ಒತ್ತಿದರೆ ಹಾಡು, ಅಡಿಯಲ್ಲಿ ಚಕ್ರ. ಕೂರಿಸಿದರೆ ಮಗುವಿಗೆ ಖುಷಿ, ಅಮ್ಮನಿಗೆ ಒಗ್ಗರಣೆ ಹಾಕುವಷ್ಟು ಬಿಡುವು. ಆದರೆ ಇದೇ ವಾಕರ್ ಅನ್ನು ಕೆನಡಾದಲ್ಲಿ 2004ರ ಏಪ್ರಿಲ್‌ನಿಂದ ಮಾರುವಂತಿಲ್ಲ, ಆಮದು ಮಾಡುವಂತಿಲ್ಲ, ಜಾಹೀರಾತು ಕೊಡುವಂತೆಯೂ ಇಲ್ಲ. ಬಳಸಿದ ಹಳೆಯ ವಾಕರ್‌ಗೂ ಇದೇ ಕಾನೂನು.

ಇಷ್ಟು ಬಿಗಿಗೆ ಕಾರಣ ಮೆಟ್ಟಿಲು. ಅಮೆರಿಕದಲ್ಲಿ 1990ರಿಂದ 2014ರವರೆಗೆ 15 ತಿಂಗಳೊಳಗಿನ 2.3 ಲಕ್ಷಕ್ಕೂ ಹೆಚ್ಚು ಮಕ್ಕಳು ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದರು. ಸುಮಾರು ಮುಕ್ಕಾಲು ಪಾಲು ಮೆಟ್ಟಿಲಿನಿಂದ ಉರುಳಿದವರು. ಶೇ 90ರಷ್ಟು ಮಕ್ಕಳಿಗೆ ಪೆಟ್ಟಾದದ್ದು ತಲೆ, ಕುತ್ತಿಗೆಗೆ. ಮೆಟ್ಟಿಲಂಚಿನಲ್ಲಿ ತಡೆದು ನಿಲ್ಲುವ ವಿನ್ಯಾಸ ಬಂದ ಮೇಲೆ ಗಾಯಗಳು ಬಹಳ ಇಳಿದವು, ನಿಂತಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಈಗಲೂ ನಿಷೇಧವನ್ನೇ ಕೇಳುತ್ತಿದೆ.

‘ಪಕ್ಕದಲ್ಲೇ ಇರುತ್ತೇವಲ್ಲ’ ಎನ್ನುವವರಿದ್ದಾರೆ. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ದಾಟಬಲ್ಲದು. ನಾವು ಏಳುವಷ್ಟರಲ್ಲಿ ಅದು ಹೊಸಿಲಿಗೆ ಡಿಕ್ಕಿ ಹೊಡೆದಿರುತ್ತದೆ, ಇಲ್ಲವೇ ಟೀಪಾಯಿ ಮೇಲಿನ ಬಿಸಿ ಕಾಫಿಗೆ ಕೈ ಹಾಕಿರುತ್ತದೆ.

ಹೋಗಲಿ, ನಡಿಗೆಯನ್ನಾದರೂ ಬೇಗ ಕಲಿಸುತ್ತದೆಯೇ? ಅದೂ ಇಲ್ಲ. ಮೈಭಾರವನ್ನು ಸೀಟು ಹೊರುವುದರಿಂದ ಮಗು ಕಾಲ್ಬೆರಳಿನಿಂದ ನೆಲ ಒದ್ದರೆ ಸಾಕು. ಸಮತೋಲನ ಕಲಿಯುವ ಪ್ರಮೇಯವೇ ಬರುವುದಿಲ್ಲ. ಟ್ರೇ ಅಡ್ಡ ಬಂದು ತನ್ನ ಪಾದವೂ ಅದಕ್ಕೆ ಕಾಣದು. ಐರ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಟ್ಟು ಬಳಕೆಯಲ್ಲಿ ಪ್ರತಿ 24 ಗಂಟೆ ವಾಕರ್‌ಗೆ ಮಕ್ಕಳು ಒಂಟಿಯಾಗಿ ನಡೆಯುವುದು ಸರಾಸರಿ ಮೂರು ದಿನಕ್ಕಿಂತ ಹೆಚ್ಚು ತಡವಾಗಿತ್ತು.

ಅವಸರವಾದರೂ ಯಾಕೆ? ಭಾರತದ ಮಕ್ಕಳನ್ನೂ ಒಳಗೊಂಡ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ, 8ರಿಂದ 18 ತಿಂಗಳ ನಡುವೆ ಯಾವಾಗ ನಡೆದರೂ ಅದು ಸಹಜವೇ. ಅಲ್ಲಿಯವರೆಗೆ ಚಾಪೆ ಹಾಸಿ ನೆಲಕ್ಕೆ ಬಿಡಿ. ಬೋರಲು ಬೀಳಲಿ, ಅಂಬೆಗಾಲಿಡಲಿ, ದಿವಾನ್ ಅಂಚು ಹಿಡಿದು ಏಳಲಿ. ನಿಂತು ಹೆಜ್ಜೆಯಿಡಲು ಶುರುಮಾಡಿದರೆ ಚನ್ನಪಟ್ಟಣದ ಮರದ ತಳ್ಳುಗಾಡಿ ಕೊಡಬಹುದು. ಅಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಮೆಟ್ಟಿಲಿನಿಂದ ದೂರ, ದೊಡ್ಡವರ ಕಣ್ಣಳತೆಯಲ್ಲಿ ಆಡಲಿ, ಅಷ್ಟೇ. ಅಡುಗೆ ಹೊತ್ತಿಗೆ ಚಕ್ರವಿಲ್ಲದ ಆಟದ ಕಟಕಟೆ ಸಾಕು.

ಅಟ್ಟದಲ್ಲಿರುವ ಹಳೆಯ ವಾಕರ್ ಅನ್ನು ನಾದಿನಿಯ ಮಗುವಿಗೆ ದಾಟಿಸಬೇಡಿ. ಚಕ್ರ ಕಿತ್ತು ಗುಜರಿಗೆ ಹಾಕಿ.