ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಮಗ್ಗಿ

ಗ್ರೀಸಿಗೆ ಹೋದ ಪ್ರವಾಸಿ ತಂಡಗಳು ಮೆಟಿಯೋರಾ ನೋಡದೆ ಬರುವುದು ಕಡಿಮೆ. ಕಂಬದಂತೆ ಎದ್ದ ಬಂಡೆಗಳ ತುದಿಯಲ್ಲಿ 14ನೇ ಶತಮಾನದಿಂದ ಕಟ್ಟುತ್ತ ಬಂದ ಕ್ರೈಸ್ತ ಮಠಗಳು. ಈಗ ಸನ್ಯಾಸಿಗಳು ಉಳಿದಿರುವುದು 6ರಲ್ಲಿ ಮಾತ್ರ. 1920ರ ದಶಕದಲ್ಲಿ ಮೆಟ್ಟಿಲು ಕಡಿಯುವವರೆಗೂ ದಿನಸಿಯನ್ನೂ ಮನುಷ್ಯರನ್ನೂ ಬಲೆಗೆ ಹಾಕಿ ಹಗ್ಗದಿಂದ ಮೇಲೆಳೆಯುತ್ತಿದ್ದರು. ತುರ್ಕರ ಆಳ್ವಿಕೆಯಲ್ಲಿ ಸನ್ಯಾಸಿಗಳು ರಾತ್ರಿ ಹೊತ್ತು ಮಕ್ಕಳಿಗೆ ಗುಟ್ಟಾಗಿ ಗ್ರೀಕ್ ಕಲಿಸುತ್ತಿದ್ದರೆಂದು ಗ್ರೀಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದು ದಂತಕಥೆ ಎಂಬುದು ಬಹುತೇಕ ಇತಿಹಾಸಕಾರರ ಮಾತು.

ಅಂಥದ್ದೇ ಗುಟ್ಟಿನ ಶಾಲೆ ಬೀದರ ಜಿಲ್ಲೆಯ ಭಾಲ್ಕಿ ಸೀಮೆಯಲ್ಲಿ ದಿಟವಾಗಿಯೂ ಇತ್ತು. ಹತ್ತಿ ಕೂರಲು ಬಂಡೆಯಿಲ್ಲದ ಬಯಲುನಾಡು ಇದು. ಇಲ್ಲಿಯ ಹಿರೇಮಠ ಸಂಸ್ಥಾನಕ್ಕೆ ಮರೆಯಾಗಿ ಒದಗಿದ್ದು ಒಂದು ಬೋರ್ಡು.

ಬೀದರ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯಲ್ಲಿ ಉರ್ದು, ಶಾಲೆಯಲ್ಲಿ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಅದರ ಅಕ್ಷರ ಕಲಿಯಲು ಜಾಗವಿರಲಿಲ್ಲ. ಆಗ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ ಜಿಲ್ಲೆಯಲ್ಲಿ ಇದನ್ನು ಹೇಳದ ಕನ್ನಡ ಮೇಷ್ಟ್ರು ಸಿಗಲಿಕ್ಕಿಲ್ಲ. ಉರ್ದುವನ್ನು ಬೈಯದೆ, ಅದನ್ನೇ ಬಾಗಿಲ ಮೇಲೆ ಬರೆಸಿ ತಮ್ಮ ಕೆಲಸ ನಡೆಸಿದ ಜಾಣತನವೇ ನನಗೆ ದೊಡ್ಡದಾಗಿ ಕಾಣುತ್ತದೆ. ಘೋಷಣೆ ಕೂಗಿದ್ದರೆ ಶಾಲೆಗೆ ಬೀಗ ಬೀಳುತ್ತಿತ್ತು.

ಪಟ್ಟದ್ದೇವರು ಹುಟ್ಟಿದ್ದು ಔರಾದ್ ಸೀಮೆಯ ಕಮಲನಗರದಲ್ಲಿ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು, ಈಗ ಅದೇ ಒಂದು ತಾಲ್ಲೂಕು. ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದದ್ದನ್ನೂ 1956ರಲ್ಲಿ ಬೀದರ ಕನ್ನಡನಾಡಿಗೆ ಸೇರಿದ್ದನ್ನೂ ಕಣ್ಣಾರೆ ಕಂಡರು. ಬಸವಕಲ್ಯಾಣದ ಅನುಭವ ಮಂಟಪ ಎದ್ದುನಿಂತದ್ದೂ ಅವರಿಂದಲೇ. ಅವರ ನಂತರ ಬಂದ ಬಸವಲಿಂಗ ಪಟ್ಟದ್ದೇವರು ಹೆತ್ತವರು ಬಿಟ್ಟುಹೋದ ಎಳೆಗೂಸುಗಳನ್ನು ಮಠದಲ್ಲೇ ಸಾಕಿದರು.

ಪ್ರವಾಸಿ ಬಸ್ಸುಗಳು ಬೀದರ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ನಾನಕ್ ಝೀರಾ ತೋರಿಸಿ ಸೀದಾ ಬಸವಕಲ್ಯಾಣಕ್ಕೆ ತಿರುಗಿಬಿಡುತ್ತವೆ. ಭಾಲ್ಕಿಯಲ್ಲಿ ಫೋಟೋಕ್ಕೆ ಒಗ್ಗುವ ಬಂಡೆಯಿಲ್ಲವಲ್ಲ! ಬೇಕೆಂದವರಿಗೆ ದಾರಿ ಸಲೀಸು: ಬೀದರಿನಿಂದ ಪರಳಿ ಕಡೆಗೆ ಹೋಗುವ ರೈಲುಮಾರ್ಗದಲ್ಲೇ ಭಾಲ್ಕಿ, ಅದೇ ಹಳಿಯ ಮೇಲೆ ಮುಂದೆ ಕಮಲನಗರ. ಔರಾದಿಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ. ಅಲ್ಲಿಯ ಅಮರೇಶ್ವರ ಜಾತ್ರೆಯ ಹೊತ್ತಿಗೆ ಹೊಂದಿಸಿಕೊಂಡರೆ ಈ ಸೀಮೆಯ ದೇವಣಿ ತಳಿಯ ದನಗಳನ್ನೂ ನೋಡಿ ಬರಬಹುದು.