ಶಾಸನದ ‘ಒಕ್ಕಲು’ ಎಂದರೆ ಎಷ್ಟು ಜನ? ಗೋವಿನಕೋವಿ ಸೀಮೆಯಿಂದ ಒಂದು ಓದು

ತುಂಗಭದ್ರೆಯ ಬಯಲಿನ ಗೋವಿನಕೋವಿ ಸುತ್ತಮುತ್ತ ಒಂದು ದಿನ ಓಡಾಡಿ ನೋಡಿ. ಲಿಂಗಾಯತರು, ಕುರುಬರು, ನಾಯಕರು, ದಲಿತರು, ಮುಸ್ಲಿಮರು ಎಲ್ಲರೂ ಸಿಗ್ತಾರೆ. ಊರೊಳಗೆ ಕನ್ನಡ, ಕೆಲವು ಮನೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಗೋರ್ ಬೋಲಿ. ಸೇವಾಲಾಲರು ಹುಟ್ಟಿದ ಸ್ಥಳವೆಂದು ಲಂಬಾಣಿಗರು ನಂಬುವ ಸೂರಗೊಂಡನಕೊಪ್ಪವೂ ಇದೇ ನ್ಯಾಮತಿ ಸೀಮೆಯದು. ಹೀಗಿರುವಾಗ ಶಾಸನಾಸಕ್ತರ ತಲೆಯಲ್ಲಿ ಒಂದು ಪ್ರಶ್ನೆ ಬರೋದು ಸಹಜ: ಎಂಟುನೂರು, ಸಾವಿರ ವರ್ಷದ ಹಿಂದೆ ಇಲ್ಲಿ ಯಾರ್ಯಾರಿದ್ದರು, ಎಷ್ಟು ಮನೆ ಇದ್ದವು? ಇಷ್ಟೊಂದು ಕಲ್ಲುಗಳಿವೆಯಲ್ಲ, ಅವು ಹೇಳಬಾರದೇ?

ಹೇಳುತ್ತವೆ. ಆದರೆ ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡೋದಿಲ್ಲ, ಬೇರೆ ಪ್ರಶ್ನೆಗೆ ಕೊಡುತ್ತವೆ. ಆ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಪುಸ್ತಕದ ವಿಷಯ. ನ್ಯಾಮತಿ ತಾಲ್ಲೂಕು ಎಂದು ಶಾಸನ ಸಂಪುಟದಲ್ಲಿ ಹುಡುಕಿದರೆ ಏನೂ ಸಿಗಲ್ಲ. ಈ ತಾಲ್ಲೂಕು ಮೊನ್ನೆ ಮೊನ್ನೆಯದು. ಅದಕ್ಕೆ ಮುಂಚೆ ಇವೆಲ್ಲ ಹೊನ್ನಾಳಿ ತಾಲ್ಲೂಕಿನ ಊರುಗಳು. ಹೊನ್ನಾಳಿಯಾದರೂ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಶಿವಮೊಗ್ಗಕ್ಕೆ ಸೇರಿತ್ತು. ಹಾಗಾಗಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ (1902) ತೆಗೆಯಬೇಕು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಒಟ್ಟಿಗೆ ಅಲ್ಲಿವೆ. ಜಗಳೂರು ಮಾತ್ರ ಚಿತ್ರದುರ್ಗದ 11ನೇ ಸಂಪುಟದಲ್ಲಿ.

ಇದೇ ರೈಸ್ ಅವರೇ 1881ರ ಮೈಸೂರು ಜನಗಣತಿಯ ಹೊಣೆ ಹೊತ್ತವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷದ 55 ಸಾವಿರ ಇತ್ತು. ಹತ್ತು ವರ್ಷದ ಮೇಲೆ ಎಣಿಸಿದಾಗ 41 ಲಕ್ಷದ 86 ಸಾವಿರ. ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರ. ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಲೆಕ್ಕದಿಂದ ಹೋಗಿಬಿಟ್ಟಿದ್ದರು. ಹಳೆಯ ಶಾಸನಗಳಲ್ಲಿ ಇಂಥ ಎರಡು ಎಣಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನಮಗಿಲ್ಲ. ಹೊಯ್ಸಳರ ಕಾಲದಲ್ಲೋ ಕಲಚುರಿಗಳ ಕಾಲದಲ್ಲೋ ಹೀಗೊಂದು ಬರ ಬಂದು ಊರು ಖಾಲಿಯಾಗಿದ್ದರೆ, ಕಲ್ಲಿನಲ್ಲಿ ಅದು ಬಹುತೇಕ ಕಾಣುವುದು ಮೌನವಾಗಿಯೇ: ಒಂದು ಊರಿನ ಹೆಸರು ಆಮೇಲಿನ ಶಾಸನಗಳಲ್ಲಿ ಬರುವುದೇ ಇಲ್ಲ. ಕಂದಾಯದವರ ಭಾಷೆಯಲ್ಲಿ ಅಂಥ ಊರು ‘ಬೇಚರಾಕ್’. ಫಾರಸಿಯ ಬೇ–ಚಿರಾಗ್, ದೀಪವಿಲ್ಲದ್ದು. ಜನರನ್ನು ತಲೆಯಿಂದ ಅಲ್ಲ, ಹಚ್ಚಿದ ದೀಪದಿಂದ ಲೆಕ್ಕ ಹಾಕಿದ ಮಾತು ಅದು.

ಇನ್ನು ‘ಒಕ್ಕಲು’. ಶಾಸನಗಳಲ್ಲಿ ಮನೆತನಕ್ಕೆ ಅತಿ ಹತ್ತಿರದ ಪದ ಇದೇ, ಅತಿ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಇವತ್ತಿಗೂ ನಮ್ಮ ಬಾಯಲ್ಲಿ ಅದರ ಎಲ್ಲ ಅರ್ಥಗಳೂ ಉಳಿದಿವೆ ನೋಡಿ. ಹೊಸ ಮನೆಗೆ ಹೋದರೆ ‘ಮನೆ ಒಕ್ಕಲಾದೆವು’ ಅಂತೀವಿ. ಬೇಸಾಯ ಮಾಡುವುದು ಒಕ್ಕಲುತನ. ‘ನಾವು ವೀರಭದ್ರನ ಒಕ್ಕಲು’ ಅಂದರೆ ದೇವರಿಗೆ ನಡೆದುಕೊಳ್ಳುವವರು. ಬಲವಂತವಾಗಿ ಹೊರಗೆ ಹಾಕಿದರೆ ಒಕ್ಕಲೆಬ್ಬಿಸಿದರು. ಅಂದರೆ ಒಕ್ಕಲು ಎನ್ನುವುದು ಒಂದು ಜಾಗಕ್ಕೋ ಒಬ್ಬ ಒಡೆಯನಿಗೋ ಕಟ್ಟಿಕೊಂಡ ಮನೆ. ತೆರಿಗೆಯ ಕಣ್ಣಿಗೆ ಕಾಣುವ ಮನೆ. ಅದರೊಳಗೆ ಐದು ಜನ ಇದ್ದರೋ ಇಪ್ಪತ್ತೈದೋ ಶಾಸನಕ್ಕೆ ಬೇಕಿಲ್ಲ. ನಮ್ಮ ಜನಗಣತಿ ಕುಟುಂಬವನ್ನು ಗುರುತಿಸುವುದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಎಂಬ ಲೆಕ್ಕದಲ್ಲಿ. ಶಾಸನದ ಒಕ್ಕಲಿಗೆ ಒಲೆಯ ಲೆಕ್ಕ ಇಲ್ಲ, ತೆರೆಯ ಲೆಕ್ಕ ಇದೆ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡೂ ತೆರೆಯನ್ನು ಒಟ್ಟಿಗೇ ಕಟ್ಟುತ್ತಿದ್ದರೆ ಕಲ್ಲಿನಲ್ಲಿ ಒಂದೇ ಒಕ್ಕಲು.

ಅದಕ್ಕೇ ‘ತೆಲ್ಲಿಗರ ಐವತ್ತೊಕ್ಕಲು’ ಎಂದು ಓದಿದ ಕೂಡಲೇ ಆ ಊರಿನಲ್ಲಿ ಐವತ್ತು ಗಾಣಿಗರ ಮನೆ, ಅಂದರೆ ಇನ್ನೂರೈವತ್ತು ಜನ ಎಂದು ಗುಣಿಸಬೇಡಿ. ಎಣ್ಣೆ ತೆಗೆಯುವವರ ಸಂಘಕ್ಕೆ ಅದೇ ಹೆಸರು ಊರೂರಲ್ಲಿ ಬರುತ್ತದೆ. ದೊಡ್ಡ ಪಟ್ಟಣದಲ್ಲೂ ಐವತ್ತು, ಸಣ್ಣ ಊರಲ್ಲೂ ಐವತ್ತು ಹೇಗಾದೀತು? ಗೌಡುಪ್ರಜೆಗಳ ‘ಅರುವತ್ತೊಕ್ಕಲು’, ‘ಹದಿನೆಂಟು ಸಮಯ’, ವ್ಯಾಪಾರಿಗಳ ‘ಅಯ್ಯಾವೊಳೆ ಐನೂರ್ವರು’ ಕೂಡ ಹೀಗೆಯೇ. ಸಂಖ್ಯೆ ಹೆಸರಾಗಿ ಗಟ್ಟಿಯಾದದ್ದು.

ಸೀಮೆಗಳ ಹೆಸರಿನಲ್ಲಿ ಈ ಗೊಂದಲ ಇನ್ನೂ ದೊಡ್ಡದು. ನಮ್ಮ ಹೊನ್ನಾಳಿ ಕಡೆಯ ಶಾಸನಗಳಲ್ಲಿ ಬರುವುದು ಬನವಾಸಿ ಪನ್ನಿರ್ಚ್ಛಾಸಿರ, 12,000. ಜಗಳೂರಿನತ್ತ ಹೋದರೆ ನೊಳಂಬವಾಡಿ 32,000. ತೆಂಕಣಕ್ಕೆ ಗಂಗವಾಡಿ 96,000. ಇವು ಹಳ್ಳಿಗಳ ಸಂಖ್ಯೆ ಎಂದು ಬರೆದವರಿದ್ದಾರೆ. ಒಂದು ಸರಳ ಪರೀಕ್ಷೆ ಮಾಡೋಣ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಹಳ್ಳಿಗಳು ಸುಮಾರು 29 ಸಾವಿರ. ಗಂಗವಾಡಿ ಒಂದರಲ್ಲೇ ಅದರ ಮೂರು ಪಟ್ಟು ಹಳ್ಳಿಗಳಿದ್ದವು ಅನ್ನೋದು ನಂಬುವ ಮಾತಲ್ಲ. ಹಾಗಾದರೆ ಒಕ್ಕಲುಗಳೇ? ಮನೆಗೆ ಐದು ಜನ ಎಂದರೂ ಬನವಾಸಿ ನಾಡಿಗೆಲ್ಲ 60 ಸಾವಿರ ಜನ ಆಗುತ್ತಾರೆ. ಬಳ್ಳಿಗಾವೆಯಂಥ ರಾಜಧಾನಿ ಇದ್ದ ಸೀಮೆಗೆ ಇದು ತೀರಾ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಆದಾಯದ ಲೆಕ್ಕ, ಇಲ್ಲವೇ ಎಂದೋ ಗೊತ್ತುಮಾಡಿ ಆಮೇಲೆ ಬದಲಿಸದ ಆಡಳಿತದ ಅಂಕಿ ಅಂದುಕೊಳ್ಳುವುದೇ ವಾಸಿ. ಎಪ್ಪತ್ತರಂಥ ಸಣ್ಣ ಸಂಖ್ಯೆಗಳ ಮಾತು ಬೇರೆ. ನಾಗರಖಂಡ ಎಪ್ಪತ್ತು ಅಂದಾಗ ಎಪ್ಪತ್ತು ಊರು ಎಂದು ಓದಲು ಅಡ್ಡಿಯಿಲ್ಲ, ಕಣ್ಣಳತೆಗೆ ಹೊಂದುತ್ತದೆ.

ಹನ್ನೆರಡು ಸಾವಿರದ ಮೋಹ ಎಷ್ಟಿತ್ತು ಅನ್ನೋದಕ್ಕೆ ಅದೇ 7ನೇ ಸಂಪುಟದ ತಾಳಗುಂದ ಸಾಕ್ಷಿ. ಅಲ್ಲಿನ ನಂತರದ ಕಾಲದ ಶಾಸನವೊಂದು ಮುಕ್ಕಣ್ಣ ಕದಂಬ ಅಹಿಚ್ಛತ್ರದಿಂದ ಮೂವತ್ತೆರಡು ಮನೆತನಗಳ ಹನ್ನೆರಡು ಸಾವಿರ ಬ್ರಾಹ್ಮಣರನ್ನು ಕರೆತಂದು ಸ್ಥಾಣಗುಂದೂರಿನಲ್ಲಿ ನೆಲೆಗೊಳಿಸಿದ ಕಥೆ ಹೇಳುತ್ತದೆ. ಭಾಗಿಸಿ ನೋಡಿ, ಮನೆತನಕ್ಕೆ 375 ಜನ! ವಲಸೆಯ ವರದಿ ಎಂದು ಇದನ್ನು ಓದಿದರೆ ಎಡವುತ್ತೀರಿ. ಆದರೆ ‘ನಾವು ಹೊರಗಿಂದ ಬಂದವರು, ಇಲ್ಲಿ ನಮಗೆ ಇಂಥ ಹಕ್ಕಿದೆ’ ಎಂದು ಒಂದು ಸಮುದಾಯ ತನ್ನ ಬಗ್ಗೆ ಹೇಳಿಕೊಂಡ ಮಾತು ಎಂದು ಓದಿದರೆ ಅದರ ಬೆಲೆ ತಿಳಿಯುತ್ತದೆ.

ಶಾಸನಗಳು ಎಣಿಸುವುದು ಹಕ್ಕನ್ನು. ಅಗ್ರಹಾರದ ತಾಮ್ರಪಟಗಳು ಇದಕ್ಕೆ ಒಳ್ಳೆಯ ಉದಾಹರಣೆ. ವೃತ್ತಿ ಪಡೆದವನ ಹೆಸರು, ತಂದೆ, ಗೋತ್ರ, ಶಾಖೆ, ಎಷ್ಟು ಪಾಲು ಎಲ್ಲವೂ ಅಲ್ಲಿರುತ್ತದೆ, ಇವತ್ತಿನ ಪಹಣಿಗಿಂತ ಚೊಕ್ಕವಾಗಿ. ಅದೇ ಊರಿನ ಗದ್ದೆ ಉತ್ತವರ ಹೆಸರು? ಇಲ್ಲ. ಉಳಿದವರು ಕಾಣಿಸುವುದು ಸುಂಕದ ಸಾಲಿನಲ್ಲಿ: ಮನೆವಣ, ಮಗ್ಗದೆರೆ, ಗಾಣದೆರೆ, ಮದುವೆಯ ಸುಂಕ. ದೇವರ ನಂದಾದೀವಿಗೆಗೆ ಗಾಣಕ್ಕೊಂದು ಸೊಲ್ಲಗೆ ಎಣ್ಣೆ ಅಂದಾಗ ಗಾಣ ಇತ್ತು ಅನ್ನೋದು ತಿಳಿಯಿತು, ಎಷ್ಟು ಅನ್ನೋದು ತಿಳಿಯಲಿಲ್ಲ. ಸುಂಕ ಬಿಟ್ಟುಕೊಟ್ಟಾಗ ಇನ್ನೂ ಹೆಚ್ಚು ಕಾಣುತ್ತಾರೆ. ವಿಜಯನಗರದ ಅಳಿಯ ರಾಮರಾಯನ ಕಾಲದಲ್ಲಿ ಕೊಂಡೋಜ, ತಿಮ್ಮೋಜ ಮೊದಲಾದ ನಾಯಿಂದರು ತಮ್ಮ ಸಮುದಾಯದ ಮೇಲಿನ ತೆರಿಗೆಯನ್ನೇ ಬಿಡಿಸಿಕೊಂಡರು; ಅದನ್ನು ಸಾರುವ ಕಲ್ಲುಗಳು ಹಲವು ಊರುಗಳಲ್ಲಿ ನಿಂತವು. ಹಾಗಾಗಿ ಕ್ಷೌರಿಕರ ಹೆಸರು ನಮಗೆ ಗೊತ್ತು.

ಯಾವ ಹಕ್ಕೂ ಇಲ್ಲದವರು ಕಾಣಿಸಿದ ಒಂದು ಅಪರೂಪದ ಜಾಗ ಬಳ್ಳಿಗಾವೆಯ ಕೋಡಿಯಮಠ. 1162ರ ಶಾಸನ ಆ ಮಠವನ್ನು ಬಣ್ಣಿಸುವಾಗ ಅಲ್ಲಿ ಊಟ ಸಿಗುತ್ತಿದ್ದವರನ್ನು ಪಟ್ಟಿ ಮಾಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು; ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು; ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು, ದೇಶದೇಶದ ಭಿಕ್ಷುಕರು. ರೋಗಿಗಳಿಗೆ ಮದ್ದೂ ಅಲ್ಲೇ. ಮಠದ ಹಿರಿಮೆ ಹೇಳಲು ಬರೆದದ್ದು, ನಿಜ. ಆದರೂ ಆ ಕಾಲದ ಬೀದಿಯಲ್ಲಿ ಯಾರು ಓಡಾಡುತ್ತಿದ್ದರು ಅನ್ನೋದಕ್ಕೆ ಇಷ್ಟು ಹತ್ತಿರದ ಚಿತ್ರ ನನಗೆ ಬೇರೆಡೆ ಸಿಕ್ಕಿಲ್ಲ. ಇವರೆಲ್ಲ ಒಕ್ಕಲು ಅಲ್ಲದವರು.

ಮನೆಯ ಒಳಗನ್ನು ನೋಡಬೇಕಾದರೆ ಎರಡು ಕಡೆ ಇಣುಕಬೇಕು. ಒಂದು, ಗಂಡು ಮಕ್ಕಳಿಲ್ಲದೆ ಸತ್ತವನ ಆಸ್ತಿಯ ಕಟ್ಟಳೆ, ‘ಅಪುತ್ರಿಕ’ ಎಂದು ಬರುತ್ತದಲ್ಲ ಅದು. ಕೆಲವು ಶಾಸನಗಳು ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣು ಮಕ್ಕಳಿಗೆ, ಆಮೇಲೆ ದಾಯಾದಿಗಳಿಗೆ, ಯಾರೂ ಇಲ್ಲದಿದ್ದರೆ ಮಾತ್ರ ದೇವರಿಗೆ ಎಂದು ಸರದಿ ಹಾಕುತ್ತವೆ. ಯಾರು ಮನೆಯವರು, ಯಾವ ಕ್ರಮದಲ್ಲಿ ಅನ್ನೋದಕ್ಕೆ ಇದಕ್ಕಿಂತ ನೇರವಾದ ಮಾತು ಕಲ್ಲಿನಲ್ಲಿ ಸಿಗೋದು ಕಷ್ಟ.

ಇನ್ನೊಂದು ವೀರಗಲ್ಲು. ಸಿಂದರು ಬೆಳಗುತ್ತಿಯಿಂದ ಆಳುತ್ತಿದ್ದ 12–13ನೇ ಶತಮಾನದಲ್ಲಿ ಈ ಸೀಮೆ ಹೊಯ್ಸಳರ, ಸೇವುಣರ ಎಳೆದಾಟದ ನಡುವೆ ಇತ್ತು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬ ಪದಗಳನ್ನು ನಾವು ಯುದ್ಧದ ಕಾರಣ ಎಂದಷ್ಟೇ ಓದುತ್ತೇವೆ. ಅವೇ ಪದಗಳು ಮನೆತನದ ಚರಿತ್ರೆ ಕೂಡ ಹೌದು: ದನ ಹೋಯಿತು, ಹೆಂಗಸರ ಮೇಲೆ ಕೈ ಬಿತ್ತು, ಊರೇ ಇಲ್ಲವಾಯಿತು. ಸತ್ತವನ ಮನೆಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟರು ಅಂದರೆ ದುಡಿಯುವ ಕೈ ಕಳಕೊಂಡ ಮನೆಯೊಂದು ಉಳಿದಿತ್ತು ಅಂತ ಅರ್ಥ. ಅಗ್ರಹಾರದ ಪಟ್ಟಿಗೆ ಎಂದೂ ಸೇರದ ಗೌಡ, ಬೇಡ, ಗೊಲ್ಲರ ಹೆಸರುಗಳು ಇಲ್ಲಿ ಸಿಗುತ್ತವೆ.

ಇಷ್ಟಾದರೂ ಇವತ್ತಿನ ಗೋವಿನಕೋವಿ ಸೀಮೆಯ ಎಷ್ಟೋ ಜನಕ್ಕೆ ಪೂರ್ವಿಕರ ಕಲ್ಲು ಇಲ್ಲ. ಲಂಬಾಣಿಗರನ್ನೇ ತಗೊಳ್ಳಿ. ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಂಡುಗಳ ಹಿಂದೆ ಮುಂದೆ ನಡೆದವರು. 1791–92ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದವರೆಗೆ ಉಂಡದ್ದು ಇಂಥವರು ತಂದ ಕಾಳನ್ನು. ನಡೆಯುವವರಿಗೆ ಭೂದಾನ ಇಲ್ಲ, ಭೂದಾನ ಇಲ್ಲದ ಕಡೆ ಶಾಸನ ಇಲ್ಲ. ಅವರ ವಂಶಾವಳಿ ಉಳಿದದ್ದು ಹಾಡಿನಲ್ಲಿ. ‘ಶಾಸನದಲ್ಲಿ ಇಲ್ಲ, ಆದ್ದರಿಂದ ಈಚಿನವರು’ ಎಂದು ಕೆಲವರು ವಾದ ಹೂಡುವುದನ್ನು ಕೇಳಿದ್ದೇನೆ. ಅದು ಶಾಸನಶಾಸ್ತ್ರ ಅಲ್ಲ. ಕಲ್ಲು ಒಕ್ಕಲನ್ನು ತೋರಿಸುತ್ತದೆ, ಒಕ್ಕಲಲ್ಲದವನು ಇರಲಿಲ್ಲ ಎಂದು ಎಲ್ಲೂ ಹೇಳುವುದಿಲ್ಲ.

ಈ ಪ್ರಶ್ನೆ ಹಳತಾಗಿಲ್ಲ ಬೇರೆ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳು ದಶಕಗಟ್ಟಲೆ ಕಂದಾಯ ಗ್ರಾಮಗಳೇ ಆಗಿರಲಿಲ್ಲ. ಮನೆ ಇತ್ತು, ಮನೆಯ ದಾಖಲೆ ಇರಲಿಲ್ಲ. ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ರಾಷ್ಟ್ರಕೂಟರ ಮಾನ್ಯಖೇಟ ಅದೇ ಊರು. ಅಲ್ಲಿಂದ ಹೊರಟ ದಾನಶಾಸನಗಳ ಸಾಲಿಗೆ ಈ ಹಕ್ಕುಪತ್ರಗಳನ್ನೂ ಸೇರಿಸಿ ಓದಬಹುದು: ಹೆಸರು, ಅಳತೆ, ಚಕ್ಕುಬಂದಿ.

ಕೊನೆಗೆ, ಊರಲ್ಲಿ ಕಲ್ಲು ಹುಡುಕುವವರಿಗೆ ಒಂದು ಮಾತು. ವೀರಗಲ್ಲಿನ ಫೋಟೋ ತೆಗೆಯುವಾಗ ರಾಜನ ಹೆಸರು, ತೇದಿ ಸಿಕ್ಕಿತು ಅಂತ ನಿಲ್ಲಿಸಬೇಡಿ. ಕಲ್ಲನ್ನು ನಿಲ್ಲಿಸಿದವರು ತಮ್ಮನೋ, ಹೆಂಡತಿಯೋ, ಮಗಳೋ ಅನ್ನೋದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ ಬರುತ್ತದೆ. ಬಹಳ ಕಲ್ಲುಗಳಲ್ಲಿ ಆ ಸಾಲೇ ಮಣ್ಣಲ್ಲಿ ಹೂತಿರುತ್ತದೆ. ನೀವಾಗಿ ಅಗೆಯಲು ಹೋಗದೆ ಪುರಾತತ್ತ್ವ ಇಲಾಖೆಗೆ ತಿಳಿಸಿ. ಓದಿಸುವಾಗ ಆ ಸಾಲನ್ನು ಬಿಡಬೇಡಿ ಅಂತ ಕೇಳಿಕೊಳ್ಳಿ.